ಆನೆಗಿಂತ ಮೊದಲು

ಬೇಸಿಗೆ ಬಂತೆಂದರೆ ನಮ್ಮ ಯಜಮಾನರು ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಹಿತ್ತಲಿಗೆ ಹೋಗಿ ಹಲಸಿನಕಾಯಿಗೆ ಕಿವಿ ಕೊಡುತ್ತಿದ್ದರು. ಬೆರಳಿನಿಂದ ತಟ್ಟುವುದು, ಕೇಳುವುದು, ಕಣ್ಣು ಮುಚ್ಚಿ ಇನ್ನೊಮ್ಮೆ ತಟ್ಟುವುದು. ಏಣಿ ಹತ್ತಿ ಮೇಲಿನ ಕೊಂಬೆಯ ಕಾಯಿಗಳನ್ನೂ ವಿಚಾರಿಸಿಕೊಂಡು ಬರುವರು. ಕಾಫಿ ಹಿಡಿದುಕೊಂಡು ನಾನು ಕೆಳಗೆ ನಿಂತು ಕರೆದರೆ, "ಸದ್ದು ಮಾಡ್ಬೇಡ ಕಣಮ್ಮಿ, ಮಾತಾಡ್ತಾ ಅದೆ" ಎನ್ನುವರು.

ನಮ್ಮದು ಪುಣಜನೂರಿನ ಅಂಚಿನಲ್ಲಿ, ಕಾಡಿಗೆ ಅಂಟಿಕೊಂಡ ಮನೆ. ಇಲ್ಲಿ ಹಲಸು ಹಣ್ಣಾದರೆ ಘಮ ನಮಗಿಂತ ಮೊದಲು ಆನೆಗೆ ಮುಟ್ಟುತ್ತದೆ. ಅದಕ್ಕೇ ಸುತ್ತಲಿನವರೆಲ್ಲ ಎಳೆಗಾಯಿಯಲ್ಲೇ ಕುಯ್ದು ಪಲ್ಯ ಮಾಡಿ ಮುಗಿಸುತ್ತಾರೆ. ಇವರು ಒಪ್ಪುತ್ತಿರಲಿಲ್ಲ. ಮಗಳು ಮಂಜುಳ ಹುಟ್ಟಿದ ವರ್ಷ ತಾವೇ ನೆಟ್ಟ ಮರ. "ಆನೆಗೆ ಎದ್ರಿ ಜನ್ಮೆಲ್ಲಾ ಪಲ್ಯ ತಿನ್ನಕ್ಕಾದದಾ?" ಎಂದು ಕೇಳುವರು.

ಒಂದು ಸಂಜೆ ಒಂಟಿಸಲಗವೊಂದು ನಮ್ಮ ಮರಕ್ಕೆಂದು ಹೊರಟು, ದಾರಿಗೆ ಅಡ್ಡವಾಗಿದ್ದ ಪಕ್ಕದ ಮನೆ ಸಿದ್ದರಾಜುವಿನ ಬಚ್ಚಲಿನ ಗೋಡೆಯನ್ನು ನೂಕಿತು. ಸಿದ್ದರಾಜು ಒಳಗಿದ್ದ. ಸೊಂಟಕ್ಕೆ ಟವೆಲು, ತಲೆ ತುಂಬ ಸೋಪಿನ ನೊರೆ, ಕೈಯಲ್ಲಿ ಚೊಂಬು. ಓಡಿ ಬಂದು ನಮ್ಮ ನಡುಮನೆಯಲ್ಲಿ ನಿಂತ. ಮರುದಿನ ಊರಿನ ನಾಲ್ಕು ಜನರೊಂದಿಗೆ ಬಂದ.

"ಅಣ್ಣೋ, ಆ ಮರ ಕಡಿಸು. ಇವತ್ತು ಗೋಡೆ ಓಯ್ತು, ನಾಳೆ ನಾನೋಗ್ತೀನಿ."

"ಇನ್ನೊಂದು ತೊಳೆ ಆನೆ ಬಾಯಿಗೆ ಬಿದ್ರೆ ಕಡಿಸ್ಬುಡ್ತೀನಿ ಕಣ್ಲಾ, ಓಗು" ಎಂದು ಇವರು ಎಲ್ಲರ ಮುಂದೆ ಮಾತು ಕೊಟ್ಟುಬಿಟ್ಟರು.

ಅಲ್ಲಿಂದಾಚೆಗೆ ನಮ್ಮ ಬೇಸಿಗೆ ಎಂದರೆ ಆನೆಯೊಂದಿಗೆ ಪಂದ್ಯ. ಒಳಗೆ ಹಣ್ಣಾಗಿರಬೇಕು, ಹೊರಗೆ ಘಮ ಏಳಬಾರದು. ಆ ಬೆಳಿಗ್ಗೆಯನ್ನೇ ಹಿಡಿದು ಕುಯ್ಯಬೇಕು. ಕತ್ತಲಾಗುವುದರೊಳಗೆ ಹಣ್ಣು ಮುಗಿಯಬೇಕು. ಗುಂಡ್ಲುಪೇಟೆಯಲ್ಲಿರುವ ಮಂಜುಳಳಿಗೆ ಫೋನ್ ಹೋಗುತ್ತಿತ್ತು: "ಈಗ್ಲೇ ಒರಡವ್ವ, ಅಳಿಯಂದಿರ್ನೂ ಕರ್ಕಂಡು ಬಾ." ಮೊದಲ ಸಲ ಅವಳು ಏನಾಗಿಹೋಯಿತೋ ಎಂದು ಅಳುತ್ತಲೇ ಬಸ್ಸಿಳಿದಳು. ಬಾಗಿಲು, ಕಿಟಕಿ ಎಲ್ಲ ಹಾಕಿ, ಮೇಣ ಅಂಟದಂತೆ ಕೈಗೆ ಎಣ್ಣೆ ಸವರಿಕೊಂಡು, ಆ ಸೆಕೆಯಲ್ಲಿ ಬೆವರು ಸುರಿಸುತ್ತ ತಿಂದೆವು.

"ಅಪ್ಪಾ, ಇವರಿಗೆ ಶುಗರ್ ಅದೆ."

"ಆನೆಗೆ ಶುಗರ್ ಬಂದ್ರೆ ಇಡಿಯೋರ್ಯಾರವ್ವಾ? ತಿನ್ನಿ ಅಳಿಯಂದ್ರೆ, ಇನ್ನೆರಡು ತೊಳೆ."

ಹಣ್ಣು ಪೂರ್ತಿ ಮುಗಿಯಿತೋ ಇಲ್ಲವೋ ಎಂದು ಪರೀಕ್ಷೆ ಮಾಡಲು ಸಿದ್ದರಾಜುವೂ ಬಂದು ಕೂರುತ್ತಿದ್ದ. ಪರೀಕ್ಷೆ ಮಾಡುತ್ತ ಮಾಡುತ್ತ ಅರ್ಧ ಹಣ್ಣು ಅವನೇ ತಿನ್ನುತ್ತಿದ್ದ.

ವಾಸನೆ ಮುಚ್ಚಲೆಂದು ಇವರು ಒಮ್ಮೆ ಮನೆ ತುಂಬ ಊದುಬತ್ತಿ ಹಚ್ಚಿದರು. "ಯಾವುದೋ ದೇವಸ್ಥಾನ ಅನ್ಕಂಡು ಓಗ್ಲಿ ಅಂತ" ಎಂದರು.

"ದೇವಸ್ಥಾನದಲ್ಲೇ ಅಲ್ವಾ ಆನೆ ಇರಾದು?" ಎಂದೆ ನಾನು.

ಎದ್ದು ಹೋಗಿ ಒಂದೊಂದೇ ಊದುಬತ್ತಿ ಆರಿಸಿದರು.

ಒಂದು ವರ್ಷ ಎರಡು ಹಣ್ಣು ಒಟ್ಟಿಗೆ ಬಂದವು. ಒಂದನ್ನು ತಿನ್ನುವಷ್ಟರಲ್ಲೇ ನಮಗೆಲ್ಲ ಹೊಟ್ಟೆ ಬಿರಿಯುತ್ತಿತ್ತು. ಇವರು ಇನ್ನೊಂದನ್ನು ಸೀಳಿ ಬಕೆಟ್ಟಿಗೆ ತುಂಬಿ, ಮೊಪೆಡ್ಡಿನಲ್ಲಿ ನನ್ನನ್ನೂ ಕೂರಿಸಿಕೊಂಡು ಸತ್ಯಮಂಗಲದ ರಸ್ತೆಗೆ ಹೋದರು. ಅಲ್ಲಿ ಚೆಕ್‌ಪೋಸ್ಟಿನ ಮುಂದೆ ಲಾರಿಗಳು ಸಾಲಾಗಿ ನಿಂತಿದ್ದವು. ಮೊದಲ ಲಾರಿಯ ತಮಿಳು ಡ್ರೈವರ್ ಅನುಮಾನದಿಂದ "ವೇಂಡಾಂ ಅಯ್ಯಾ", ಬೇಡ, ಎಂದ. ಇವರಿಗೆ ಹೊತ್ತು ಮೀರುತ್ತಿತ್ತು. "ಸೀಕ್ರಂ ಸಾಪ್ಡು, ಯಾನೈ ವರುದು!" ಎಂದು ಕೂಗಿದರು. ಬೇಗ ತಿನ್ನು, ಆನೆ ಬರುತ್ತೆ ಎಂದು. ಡ್ರೈವರ್ ಸರ್ರನೆ ಗಾಜು ಏರಿಸಿದ. ಹಿಂದಿನ ಲಾರಿಯವರೆಲ್ಲರೂ ಏರಿಸಿದರು. ಇವರು ಸಾಲಿನುದ್ದಕ್ಕೂ ನಡೆದು, ಗಾಜಿನ ಸಂದಿಯಲ್ಲಿ ಒಂದೊಂದೇ ತೊಳೆ ತೂರಿಸಿದರು. ಬಕೆಟ್ ಬರಿದಾದಾಗ ಅವರ ಮುಖದಲ್ಲಿದ್ದ ಸಮಾಧಾನವನ್ನು ನಾನು ಮಗಳ ಮದುವೆಯಲ್ಲೂ ನೋಡಿರಲಿಲ್ಲ.

ಕೊಟ್ಟ ಮಾತಿನಂತೆ ಅವರು ಇದ್ದಷ್ಟು ದಿನ ಒಂದು ತೊಳೆಯನ್ನೂ ಆನೆಗೆ ಬಿಡಲಿಲ್ಲ.

ಹೋದ ಮಾಗಿಯಲ್ಲಿ ಎದೆನೋವೆಂದು ಚಾಮರಾಜನಗರದ ಆಸ್ಪತ್ರೆಗೆ ಸೇರಿಸಿದೆವು. ಆಗ ಮರದಲ್ಲಿ ಬೆರಳುದ್ದದ ಮಿಡಿ. ನನ್ನ ಕೈ ಹಿಡಿದುಕೊಂಡು, "ಈ ಸಲ ಜಾಸ್ತಿ ಬುಟ್ಟದೆ ಕಣಮ್ಮಿ. ಯಾರ್ಯಾರ್ನ ಕರಿಯಾದು?" ಎಂದು ಕೇಳಿದರು. ಮನೆಗೆ ಹೋದ ಮೇಲೆ ಯೋಚನೆ ಮಾಡೋಣ ಎಂದೆ. ಮಂಜುಳಳನ್ನು ಅವರ ಬಳಿ ಬಿಟ್ಟು ಬಟ್ಟೆ ತರಲು ಊರಿಗೆ ಬಂದೆ. ವಾಪಸ್ಸು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಈ ಬೇಸಿಗೆ ನಾನೇ ಏಣಿ ಹತ್ತಿ ತಟ್ಟಿ ನೋಡಿದೆ. ಎಲ್ಲ ಕಾಯಿಗಳೂ ಒಂದೇ ಥರ ಕೇಳಿದವು. ನಾಳೆ ಕುಯ್ಯೋಣ, ನಾಳೆ ಕುಯ್ಯೋಣ ಎನ್ನುತ್ತಲೇ ಇದ್ದೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಕೆಳಗಿನ ಕೊಂಬೆ ಮುರಿದು ನೇತಾಡುತ್ತಿತ್ತು. ಬುಡದ ತುಂಬ ಸಿಪ್ಪೆ. ಪಕ್ಕದಲ್ಲಿ ಲದ್ದಿ, ಇನ್ನೂ ಹಬೆಯಾಡುತ್ತಿತ್ತು. ಬೇಲಿಯಾಚೆ ಹಲ್ಲುಜ್ಜುತ್ತಿದ್ದ ಸಿದ್ದರಾಜು ಅದನ್ನು ನೋಡಿದ, ನನ್ನನ್ನು ನೋಡಿದ, ಬಾಯಿ ತೊಳೆದು ಈಚೆಗೆ ಬಂದ.

"ಮರ ಕಡಿಯೋರ್ಗೆ ಯೋಳ್ಬುಡಪ್ಪಾ" ಎಂದೆ.

"ಯಾಕತ್ಗೆ?"

"ಕಾಣಕಿಲ್ವಾ? ಆನೆ ತಿಂದದೆ. ನಿಮ್ಮಣ್ಣ ಮಾತು ಕೊಟ್ಟಿದ್ರಲ್ಲಾ."

"ಆನೆ ಎಲ್ಲತ್ಗೆ? ಇದು ಕೋತಿ ಕಿತಾಪತಿ."

"ಕೋತಿ ಲದ್ದಿ ಇಷ್ಟು ದಪ್ಪ ಇದ್ದದಾ?"

ಸಿದ್ದರಾಜು ಬಗ್ಗಿ ಲದ್ದಿಯನ್ನು ಚೆನ್ನಾಗಿ ನೋಡಿದ. "ಈ ವರ್ಸ ಕೋತಿಗಳು ವಸಿ ದಪ್ಪ ಆಗ್ಬುಟ್ಟವೆ" ಎಂದ. ತನ್ನ ಮನೆಗೆ ಹೋಗಿ ಮಂಕರಿ ತಂದು ಲದ್ದಿಯನ್ನೆಲ್ಲ ತುಂಬಿ, ಬೇಲಿಯಾಚೆ ಸಾಗಿಸಿದ. ಮತ್ತೆ ಬಂದು, ಮಣ್ಣಿನಲ್ಲಿ ಮೊರದಗಲ ಮೂಡಿದ್ದ ಹೆಜ್ಜೆಗಳನ್ನು ಪೊರಕೆಯಿಂದ ಗುಡಿಸತೊಡಗಿದ.

ಹೆಜ್ಜೆಗಳು ಕಾಡಿನವರೆಗೂ ಇದ್ದವು. ಊರು ಏಳುವುದರೊಳಗೆ ಒಬ್ಬನಿಂದ ಆಗುವ ಕೆಲಸವಲ್ಲ. ಒಳಗೆ ಹೋಗಿ ನಾನೂ ಒಂದು ಪೊರಕೆ ತಂದೆ.