ಅಪ್ಪನ ಬೆಕ್ಕುಗಳು ನಕ್ಕಿದ್ದು

ಮಗಳ ಬ್ಯಾಗಿನಲ್ಲಿ ನೇತಾಡುತ್ತಿದ್ದ ಕಪ್ಪು ಬೆಕ್ಕಿನ ಗೊಂಬೆಯನ್ನು ಕಂಡು ಇವತ್ತು ಅಲ್ಲೇ ನಿಂತುಬಿಟ್ಟೆ. ಅದೇ ಕೋರೆಹಲ್ಲು, ಅದೇ ಗಂಟಿಕ್ಕಿದ ಮುಖ.

ಚನ್ನಪಟ್ಟಣದಲ್ಲಿ ಅಪ್ಪ ಮರದ ಗೊಂಬೆ ಮಾಡುತ್ತಿದ್ದರು. ಮನೆಯೆಲ್ಲ ಬಿಸಿ ಅರಗಿನ ವಾಸನೆ. ಒಮ್ಮೆ ವ್ಯಾಪಾರಿಯೊಬ್ಬರು ಜಪಾನಿನದೆಂದು ಇಂಥದೇ ಪ್ಲಾಸ್ಟಿಕ್ ಬೆಕ್ಕನ್ನು ಮಾದರಿಗೆ ಕೊಟ್ಟು, "ಥೇಟ್ ಹಿಂಗೇ ಇರ್ಬೇಕು. ಆಗ್ದಿದ್ರೆ ಊರಿನ ಹೊಸ ಗೊಂಬೆ ಫ್ಯಾಕ್ಟ್ರಿಗೆ ಆರ್ಡ್ರು ಕೊಟ್ಬುಡ್ತೀನಿ" ಎಂದರು. ಯಾರಿಗೂ ಸೊಪ್ಪು ಹಾಕದ ಆ ಮುಖಕ್ಕೆ ನಾನು ಮರುಳಾದೆ. ಕದ್ದು ದಿಂಬಿನ ಹತ್ತಿಯೊಳಗೆ ಬಚ್ಚಿಟ್ಟೆ.

ಅಪ್ಪ ಹುಡುಕಿ ಸೋತರು. "ಇರ್ಲಿ ಬುಡು, ಕಣ್ಣಲ್ಲೇ ಐತೆ" ಎಂದು ನೆನಪಿನಿಂದಲೇ ಬಣ್ಣಕ್ಕೆ ಕೂತರು. ಕೋರೆಹಲ್ಲು ಸರಿಯಾಗಿ ಬಂತು. ಆದರೆ ವರ್ಷಗಟ್ಟಲೆ ಮಕ್ಕಳ ಗೊಂಬೆಗೆ ನಗು ಬರೆದಿದ್ದ ಕೈ, ಪ್ರತಿ ಬೆಕ್ಕಿಗೂ ತಾನಾಗಿಯೇ ನಗು ಬರೆಯಿತು. ನಾನು ನೋಡಿದೆ. ಹೇಳಿದರೆ ಸಿಕ್ಕಿಬೀಳುತ್ತೇನೆಂದು ಸುಮ್ಮನಿದ್ದೆ.

ಬೆಕ್ಕು ತುಂಬಿ ಕಳಿಸಿದ್ದ ಮೂಟೆಗಳೆಲ್ಲ ವ್ಯಾಪಾರಿಯಿಂದ ವಾಪಸ್ ಬಂದವು. ಒಂದನ್ನು ಕೈಯಲ್ಲಿ ತಿರುಗಿಸುತ್ತಾ ಅಪ್ಪ, "ನಗಾದೂ ತಪ್ಪಾ?" ಎಂದು ಅಮ್ಮನನ್ನು ಕೇಳಿದರು. ಆಮೇಲೆ ಅವರು ಆ ಫ್ಯಾಕ್ಟರಿಯ ಗೇಟಿಗೇ ಕಾವಲಿಗೆ ಸೇರಿದರು.

"ಇದು ಯಾರ್ಗೂ ಹೆದ್ರಲ್ಲಮ್ಮ, ಅದಕ್ಕೇ ಇಷ್ಟ" ಎಂದಳು ಮಗಳು, ಬ್ಯಾಗಿನ ಬೆಕ್ಕನ್ನು ಸವರುತ್ತಾ. ನಾನು ಅದರ ಮುಖವನ್ನು ಗೋಡೆಗೆ ತಿರುಗಿಸಿದೆ. ಕಪಾಟಿನಲ್ಲಿ ನಾನು ಉಳಿಸಿಕೊಂಡಿದ್ದ ಅಪ್ಪನ ಬೆಕ್ಕು ನಗುತ್ತಾ ನನ್ನನ್ನೇ ನೋಡುತ್ತಿತ್ತು.