ಅಣ್ಣನ ಬೋರಿಂಗ್ ಹೆಡ್

ಕಾರ್ಖಾನೆಯಲ್ಲಿ ಅವರನ್ನು ಎಲ್ಲರೂ ಮೈಕ್ರಾನ್ ಎಂದೇ ಕರೆಯುತ್ತಿದ್ದರು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸದ ಮನುಷ್ಯ. ಊಟದ ತಟ್ಟೆ ಮೇಜಿನ ನಟ್ಟನಡುವೆ ಬಾರದಿದ್ದರೆ ತುತ್ತು ಇಳಿಯುವುದಿಲ್ಲ ಎಂದು ಹೆಂಡತಿ ಗೇಲಿ ಮಾಡುತ್ತಿದ್ದರು.

ನಿವೃತ್ತಿಯ ನಂತರ ಹಿತ್ತಲ ಕೋಣೆಯಲ್ಲಿ ಲೋಹ ಕೊರೆಯುವ ಪುಟ್ಟ ಮಿಲ್ಲಿಂಗ್ ಮೆಷಿನ್ ಕೂರಿಸಿಕೊಂಡರು. ಈಚೆಗೆ ಅತ್ತಿಗೆಯ ಬೈಂಡಿಂಗ್ ಅಂಗಡಿಯ ಕಾಗದ ಕತ್ತರಿಸುವ ಯಂತ್ರ ಕೈಕೊಟ್ಟಿತು. ಬೇರಿಂಗ್ ಕೂರುವ ತೂತು ಸವೆದು ಮೊಟ್ಟೆಯಾಕಾರವಾಗಿತ್ತು. ಅದನ್ನು ಹಿಗ್ಗಿಸಿ, ಗುಂಡಗೆ ಮಾಡಿ, ಒಳಗೆ ಬುಷ್ ಎಂಬ ಲೋಹದ ಬಳೆ ಕೂರಿಸಬೇಕು. ಅದಕ್ಕೆ ಉಳಿಯನ್ನು ಕಚ್ಚಿ ಹಿಡಿದು ತೂತಿನೊಳಗೆ ಸುತ್ತಿಸುವ ಬೋರಿಂಗ್ ಹೆಡ್ಡೇ ಬೇಕು.

ಉಪಕರಣಗಳ ಅಂಗಡಿಯವನು ಮೂರು ಹೆಡ್ ತಂದಿಟ್ಟ. ದೊಡ್ಡದರ ಭಾರಕ್ಕೆ ಪುಟ್ಟ ಮೆಷಿನ್ನೇ ನಡುಗೀತು. ಚಿಕ್ಕದು ಆ ತೂತಿನ ಅಗಲಕ್ಕೆ ಎಟುಕದು. ನಡುವಿನದು ಹೇಳಿ ಮಾಡಿಸಿದಂತಿತ್ತು. ಆದರೆ ಉಳಿಯನ್ನು ಬಿಗಿಯುವ ಸ್ಕ್ರೂ ಮೇಲೆ ಬೆರಳಿಟ್ಟೊಡನೆ ಅವರು ಅದನ್ನು ಕೆಳಗಿಟ್ಟುಬಿಟ್ಟರು.

“ನಾಳೆ ಬರ್ತೀನಿ.”

“ಮೂರನೇ ಸಲ ನಾಳೆ ಅಂತಿದ್ದೀರ ಸಾರ್. ಹೆಡ್ ತಗೋತಿದ್ದೀರೋ, ಮಗು ದತ್ತು ತಗೋತಿದ್ದೀರೋ?”

ಅವರು ಚಪ್ಪಲಿ ಮೆಟ್ಟಿ ಹೊರಟರು.

ಮೂವತ್ತು ವರ್ಷಗಳ ಹಿಂದೆ ಅವರೂ ಅವರಣ್ಣನೂ ಒಂದೇ ಮೆಷಿನ್ ಮೇಲೆ ಪಾಳಿಯಲ್ಲಿ ದುಡಿಯುತ್ತಿದ್ದರು. ಒಂದು ಮಧ್ಯಾಹ್ನ ಪಾಳಿ ಬದಲಾಗುವಾಗ ತಮ್ಮನಾದವನು ಹೆಡ್ಡಿಗೆ ಉಳಿ ಕೂರಿಸಿದ್ದ. ಅಷ್ಟರಲ್ಲಿ ಯಾರೋ ಟೀಗೆ ಕರೆದರು. “ಬಿಗಿ ಮಾಡಿದ್ಯೇನೋ?” ಎಂದು ಅಣ್ಣ ಕೇಳಿದ. “ಹ್ಞೂಂ” ಎಂದು ತಮ್ಮ ನಡೆದುಬಿಟ್ಟ. ಬಿಗಿ ಮಾಡಿರಲಿಲ್ಲ. ಟೀ ಮುಗಿಯುವ ಮೊದಲೇ ಉಳಿ ಸಿಡಿದು ಅಣ್ಣನ ಬಲಗಣ್ಣು ಹೋಯಿತು.

ವಿಚಾರಣೆಯಲ್ಲಿ ಅಣ್ಣ, “ನಾನೇ ಬಿಗಿ ಮಾಡೋದು ಮರೆತೆ” ಎಂದ. ಅವನನ್ನು ಸ್ಟೋರಿಗೆ ಹಾಕಿದರು. ಉಳಿದ ನೌಕರಿಯನ್ನೆಲ್ಲ ಅವನು ಬೇರೆಯವರಿಗೆ ಉಳಿ, ಸ್ಪ್ಯಾನರ್ ಎತ್ತಿಕೊಡುತ್ತ ಕಳೆದ. ಅಣ್ಣತಮ್ಮಂದಿರು ಆ ಮಾತು ಎತ್ತಲೇ ಇಲ್ಲ. ಅಣ್ಣ ತೀರಿಕೊಂಡು ಎರಡು ವರ್ಷವಾಗಿತ್ತು. ಮೈಕ್ರಾನ್ ಯಾವ ಸ್ಕ್ರೂ ತಿರುವಿದರೂ ಬೆನ್ನ ಹಿಂದೆ ಆ ಪ್ರಶ್ನೆ ಕೇಳಿಸುತ್ತಿತ್ತು.

ಹೆಡ್ ಹುಡುಕುತ್ತಿರುವುದು ತಿಳಿದು ಅತ್ತಿಗೆ ಕರೆಸಿಕೊಂಡರು. “ಅಂಗಡಿಗೆ ಯಾಕಪ್ಪ ಅಲೀತೀಯ? ನಿಮ್ಮಣ್ಣಂದೇ ಇದೆಯಲ್ಲ.”

ತಗಡಿನ ಡಬ್ಬಿಯಲ್ಲಿ, ಎಣ್ಣೆ ಬಟ್ಟೆಯೊಳಗೆ, ಅವತ್ತು ಉಳಿ ಸಿಡಿದಿದ್ದ ಅದೇ ಹೆಡ್. ಕಾರ್ಖಾನೆಯವರು ಗುಜರಿಗೆ ಹಾಕುವಾಗ ಅಣ್ಣ ಕೇಳಿ ತಂದಿಟ್ಟುಕೊಂಡಿದ್ದ. ಅಳತೆಯೂ ಸರಿಯಾಗಿತ್ತು.

“ಅತ್ತಿಗೆ, ಅವತ್ತು ಬಿಗಿ ಮಾಡದೇ ಹೋದೋನು ನಾನು.”

ಅತ್ತಿಗೆ ಕಾಗದ ಮಡಿಸುತ್ತಲೇ ಇದ್ದರು. “ಗೊತ್ತು. ಆಸ್ಪತ್ರೆಯಲ್ಲೇ ಹೇಳಿದ್ರು. ‘ಅವನಾಗೇ ಹೇಳೋ ತನಕ ನೀನು ಬಾಯಿಬಿಡಬೇಡ’ ಅಂದ್ರು ನಂಗೆ.”

“ಅಣ್ಣ ಕಾದ್ನಾ?”

“ಕಾದ್ರು. ನೀನು ಬಂದಾಗೆಲ್ಲ, ಇವತ್ತು ಹೇಳ್ತಾನೆ ನೋಡು ಅಂತಿದ್ರು.”

ಮೈಕ್ರಾನ್ ಡಬ್ಬಿ ಮುಚ್ಚಿದರು, ಮತ್ತೆ ತೆರೆದರು. ಕೊನೆಗೆ ಅದನ್ನೇ ಎತ್ತಿಕೊಂಡು ಮನೆಗೆ ಬಂದರು.

ಮರುದಿನ ಬೆಳಿಗ್ಗೆ ಸ್ಕ್ರೂ ಬಿಗಿದರು. ಸ್ವಿಚ್ಚಿನತ್ತ ಹೋದ ಕೈ ಹಿಂದಕ್ಕೆ ಬಂತು, ಮತ್ತೆ ಬಿಗಿದರು. ಹೀಗೆ ಏಳು ಸಲ. ಎಂಟನೆಯ ಸಲ ಹೆಂಡತಿಯನ್ನು ಕರೆದು, “ನೀನೊಮ್ಮೆ ನೋಡು” ಎಂದರು. ಆಕೆ ಸ್ಕ್ರೂ ಬಿಗಿಯುವ ಕೀಲಿ ಹಿಡಿದು ತಿರುವಿ, “ಕಲ್ಲಿನಂಗಿದೆ” ಎಂದರು. ಆಮೇಲೆ ಮೆಷಿನ್ ತಿರುಗಿತು. ತೂತು ತುಂಬಿದ ಚಂದ್ರನಂತೆ ಗುಂಡಗೆ ಬಂತು.

ಯಂತ್ರ ಈಗ ಸದ್ದಿಲ್ಲದೆ ಕಾಗದ ಕತ್ತರಿಸುತ್ತದೆ. ಪ್ರತಿ ಭಾನುವಾರ ಅವರು ಬೈಂಡಿಂಗ್ ಅಂಗಡಿಗೆ ಹೋಗಿ ಕೂರುತ್ತಾರೆ, ಅತ್ತಿಗೆಯ ಜೊತೆ ಅಣ್ಣನ ಮಾತಾಡುತ್ತಾರೆ. ಅತ್ತಿಗೆ ಎದ್ದು ಒಳಗೆ ಹೋದಾಗ ಮಾತ್ರ, ಅಣ್ಣ ಕೂರುತ್ತಿದ್ದ ಎದುರಿನ ಖಾಲಿ ಕುರ್ಚಿ ಕಾಣದಂತೆ ಬೀದಿಯ ಕಡೆ ತಿರುಗಿಬಿಡುತ್ತಾರೆ.