ಅಳತೆಯಕ್ಕನ ಎಂಟು ಮರಿಗಳು

ಹೆತ್ತದ್ದು ಎರಡು, ಸಾಕುತ್ತಿದ್ದುದು ಎಂಟು. ಆ ಎಂಟೂ ಬಸ್ ಟಿಕೆಟ್ ಕಚೇರಿಯ ಕಂಪ್ಯೂಟರಿನೊಳಗೆ. ಬೆಳಿಗ್ಗೆ ತಾಯಿ ಪ್ರೋಗ್ರಾಮು ಎದ್ದು ತನ್ನ ಪಡಿಯಚ್ಚಿನಂಥ ಎಂಟು ಮರಿ ಹಾಕುತ್ತಿತ್ತು. ಟಿಕೆಟ್ ಕೊಡುವ ದುಡಿಮೆಯೆಲ್ಲ ಮರಿಗಳದೇ. ಅವು ಎಷ್ಟು ಮೆಮೊರಿ ನುಂಗುತ್ತವೆಂದು ವರ್ಷಗಟ್ಟಲೆ ಕಣ್ಣಲ್ಲಿ ಕಣ್ಣಿಟ್ಟು ನೋಡಿದವಳಿಗೆ ಕಚೇರಿ ಇಟ್ಟ ಹೆಸರು ಅಳತೆಯಕ್ಕ.

ರಜೆಗೆ ಮುಂಚಿನ ನೂಕುನುಗ್ಗಲಿನ ವಾರ, ಯಂತ್ರ ದಿನಾ ಮಧ್ಯಾಹ್ನ ಉಸಿರುಗಟ್ಟಿ ನಿಲ್ಲತೊಡಗಿತು. ಅಕ್ಕ ಎಂಟೂ ಮರಿಗಳ ಮೆಮೊರಿ ಕೂಡಿ, ‘ಹೊಸ ಕೋಡು ಬಂದಮೇಲೆ ದುಪ್ಪಟ್ಟು, ತಗೊಂಡ ಮೆಮೊರಿ ವಾಪಸ್ ಕೊಡದ ಸೋರಿಕೆ ಅಲ್ಲೇ’ ಎಂದು ವರದಿ ಕೊಟ್ಟಳು. ಆ ಕೋಡು ಬರೆದ ಹುಡುಗಿ ಕೆಲಸಕ್ಕೆ ಸೇರಿ ತಿಂಗಳೂ ಆಗಿರಲಿಲ್ಲ.

“ಸಂಜೆ ಐದಕ್ಕೆ ಅವಳನ್ನ ಕೆಲಸದಿಂದ ತೆಗೆದು ಮನೆಗೆ ಕಳಿಸ್ತೀನಿ” ಎಂದರು ಸಾಹೇಬರು.

ಊಟದ ಡಬ್ಬಿ ತೆರೆದಾಗ ಮಗಳ ಫೋನು. “ಅಮ್ಮ, ಶಾಲೇಲಿ ಮನೆ ಸಾಮಾನಿನ ಪಟ್ಟಿ ಕೇಳಿದ್ರು. ನಾನೊಂದು ಫ್ರಿಜ್ ಬರೆದೆ, ತಮ್ಮ ಒಂದು ಬರೆದ. ಟೀಚರ್ ಎರಡು ಅಂತ ಕೂಡಿದಾರೆ.”

“ಇರೋದೇ ಒಂದು ಅಂತ ಹೇಳೇ. ಅದೂ ತಣ್ಣಗಾಗಲ್ಲ.”

ಹೇಳಿದವಳ ಕೈತುತ್ತು ಕೈಯಲ್ಲೇ ಉಳಿಯಿತು. ಹೊಸ ಕೋಡಿನ ಹುಡುಗಿ ಊರೂರಿನ ಬಸ್ಸಿನ ದೊಡ್ಡ ಪಟ್ಟಿಯನ್ನು ತಾಯಿ ಪ್ರೋಗ್ರಾಮಿನ ಬಳಿ ಇಟ್ಟಿದ್ದಳು. ಮರಿಗಳೆಲ್ಲ ಅದನ್ನು ಹಂಚಿಕೊಂಡಿದ್ದವು. ಅಕ್ಕ ಅದೊಂದನ್ನೇ ಎಂಟು ಸಲ ಎಣಿಸಿದ್ದಳು.

ಡಬ್ಬಿ ಮುಚ್ಚಿ ಓಡಿದಳು. ಈ ಸಲ ಪ್ರತಿ ಮರಿಯ ಸ್ವಂತ ಮೆಮೊರಿಯನ್ನಷ್ಟೇ ಅಳೆದು, ಪರೀಕ್ಷೆಗೆಂದು ಸಾವಿರ ಸುಳ್ಳು ಟಿಕೆಟ್ ಕೊಡಿಸಿ, ಮತ್ತೆ ಅಳೆದಳು. ಹುಡುಗಿಯ ಕೋಡು ಜಪ್ಪಯ್ಯ ಅಂದರೂ ಉಬ್ಬಲಿಲ್ಲ. ಉಬ್ಬುತ್ತಿದ್ದುದು ರಸೀದಿ ಮುದ್ರಿಸುವ ಹಳೇ ಭಾಗ: ಮುದ್ರಿಸಿದ ಪ್ರತಿ ರಸೀದಿಯ ನಕಲನ್ನೂ ಬಿಸಾಡದೆ ಬಚ್ಚಿಡುತ್ತಿತ್ತು. ರಾತ್ರಿ ಯಂತ್ರ ಆರಿಸುತ್ತಿದ್ದರಿಂದ ಇಷ್ಟು ವರ್ಷ ಬಯಲಾಗಿರಲಿಲ್ಲ; ಈ ವಾರದ ನೂಕುನುಗ್ಗಲಿಗೆ ಮಧ್ಯಾಹ್ನಕ್ಕೇ ತುಂಬುತ್ತಿತ್ತು. ಬರೆದವರು ಯಾರೆಂದು ನೋಡಿದರೆ, ತಾನೇ.

ಗಂಟೆ ನಾಲ್ಕೂ ಮುಕ್ಕಾಲು. ಸಾಹೇಬರ ಬಾಗಿಲು ತಟ್ಟಿದಳು.

“ಸರ್, ವರದಿ ತಪ್ಪು. ಸೋರಿಕೆ ನನ್ನದು.”

“ಮತ್ತೆ ಮನೆಗೆ ನಿಮ್ಮನ್ನ ಕಳಿಸ್ಲಾ?”

“ಕಳಿಸಿ ಸರ್, ಸೋರಿಕೆ ಮುಚ್ಚಿದ ಮೇಲೆ. ಎರಡು ಸಾಲಿನ ಕೆಲಸ.”

ಸಾಹೇಬರು ಹುಡುಗಿಯನ್ನು ತೆಗೆಯಲೆಂದು ಮೇಜಿನ ಮೇಲಿಟ್ಟಿದ್ದ ಕಾಗದವನ್ನು ಎರಡು ಚೂರು ಮಾಡಿದರು. “ಐದು ಗಂಟೆಯೊಳಗೆ ಮುಚ್ಚಿ.”

ಅಕ್ಕ ಹುಡುಗಿಯ ಪಕ್ಕ ಕುರ್ಚಿ ಎಳೆದು ಎಲ್ಲ ಹೇಳಿದಳು.

“ಇನ್ಮೇಲೆ ನನ್ನ ಅಳತೇನ ನೀನೊಂದು ಸಲ ಅಳೆದು ನೋಡು.”

“ನಿಮ್ಮನ್ನ ನಾನು ಅಳೀಬೇಕಾ ಅಕ್ಕಾ?”

“ನೀನು ಅಳೀದಿದ್ರೆ ಇನ್ಯಾರೋ ಕೂತು ಅಳ್ತಾರೆ ಕಣೇ” ಎಂದು ಅಕ್ಕ ಕೀಲಿಮಣೆಯನ್ನು ಅವಳತ್ತ ಸರಿಸಿದಳು.